ಒಂದೇ ಸ್ಕ್ಯಾನ್, ಎರಡು ಅಳತೆ: ಹೊಟ್ಟೆಯ ರಕ್ತನಾಳ ಮತ್ತು ಕೊಬ್ಬನ್ನು ಸಿ.ಟಿ.ಯಲ್ಲಿ ಅಳೆಯುವುದು ಹೇಗೆ?

"ಶ್ವಾಸ ಘ್ಯಾ... ರೋಖೂನ್ ಧರಾ" ಅಂತ ಮೆಷಿನ್ ಹೇಳಿತು. ಟೇಬಲ್ ಮೇಲೆ ಮಲಗಿದ್ದವರು ಇಂಡಿ ಕಡೆಯ ಒಬ್ಬ ಅಜ್ಜಿ. ಮಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಬಂದವನು. ಅಜ್ಜಿಗೆ ಮರಾಠಿ ಬಾರದು. "ಏನಂತಪಾ ಅದು?" ಎಂದು ಕೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಟೇಬಲ್ ಒಳಗೆ ಸರಿದು ಹೊರಗೂ ಬಂದಿತ್ತು. ನಾಳ ಬೆಳ್ಳಗೆ ಕಾಣಲಿ ಅಂತ ಚುಚ್ಚುವ ಅಯೋಡಿನ್ ಔಷಧಿ ಮೈಗೆ ಹೋಗಿ ಆಗಿತ್ತು. ಚಿತ್ರದಲ್ಲಿ ಮಾತ್ರ ಒಂದೊಂದು ನಾಳವೂ ಎರಡೆರಡಾಗಿ ಕಾಣುತ್ತಿತ್ತು.

ಅಂದಿನಿಂದ ನಮ್ಮ ಕಡೆಯವರು ಬಂದರೆ ರೆಕಾರ್ಡ್ ಮಾಡಿದ ದನಿಯನ್ನು ಆಫ್ ಮಾಡಿ ಮೈಕ್ ನಾನೇ ಹಿಡಿಯುತ್ತೇನೆ. "ಉಸ್ರ ಎಳ್ಕೊಳ್ರಿ... ಹಂಗ ಹಿಡೀರಿ... ಈಗ ಬಿಡ್ರಿ." ಸ್ಕ್ಯಾನ್ ಶುರುವಾಗುವ ಮೊದಲೇ ಎರಡು ಸಲ ರಿಹರ್ಸಲ್ ಮಾಡಿಸುತ್ತೇನೆ. ಅಳತೆಯ ವಿಷಯ ಬರೆಯಲು ಕೂತು ಉಸಿರಿನಿಂದ ಯಾಕೆ ಶುರು ಮಾಡಿದೆ ಅಂದರೆ, ಆಮೇಲೆ ಕಂಪ್ಯೂಟರ್ ಮುಂದೆ ಎಷ್ಟೇ ಜಾಣತನ ತೋರಿಸಿದರೂ ಇಲ್ಲಿ ತಪ್ಪಿದ್ದನ್ನು ಸರಿ ಮಾಡಲು ಆಗುವುದಿಲ್ಲ.

ನಾನು ಪುಣೆಯಲ್ಲಿ ಸಿ.ಟಿ. ಟೆಕ್ನಾಲಜಿಸ್ಟ್. ಊರು ಗದಗ. ಹುಬ್ಬಳ್ಳಿ, ಬೆಳಗಾವಿಯಿಂದ ಇಲ್ಲಿಗೆ ಓದಲು ಬರುವ ಹುಡುಗ ಹುಡುಗಿಯರು ಪ್ರಾಜೆಕ್ಟ್ ಹೊತ್ತು ನನ್ನ ಹತ್ತಿರ ಬರುತ್ತಾರೆ. "ಸರ್, ನಾರ್ಮಲ್ ನಾಳದ ಅಳತೆ ತೆಗೀಬೇಕು, ಜೊತೆಗೆ ಕೊಬ್ಬೂ ಅಳೀಬೇಕು, ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಮನೆಯ ಕಪಾಟಿನಲ್ಲಿ ಸ್ಕ್ಯಾನ್ ಸಿ.ಡಿ. ಇಟ್ಟುಕೊಂಡು ಕುತೂಹಲದಿಂದ ತೆರೆದು ನೋಡುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಆದರೆ ರೋಗ ಇದೆಯೋ ಇಲ್ಲವೋ ಹೇಳುವವರು ರೇಡಿಯಾಲಜಿಸ್ಟ್. ನಾನಲ್ಲ, ನೀವೂ ಅಲ್ಲ.

ಯಾರ ಸ್ಕ್ಯಾನ್ ತೆಗೆದುಕೊಳ್ಳಬೇಕು?

ಸುಮ್ನೆ ಅಳತೆಗಾಗಿ ಯಾರನ್ನೂ ಸ್ಕ್ಯಾನ್ ಮಾಡಬಾರದು. ಹೊಟ್ಟೆಯ ಒಂದು ಸಿ.ಟಿ.ಗೆ ಸುಮಾರು 8ರಿಂದ 10 ಮಿಲಿಸೀವರ್ಟ್ ವಿಕಿರಣ ಬೀಳುತ್ತದೆ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ಒಂದು ವರ್ಷಕ್ಕೆ ಸಿಗುವುದು ಜಗತ್ತಿನ ಸರಾಸರಿಯಲ್ಲಿ 2.4. ಅಂದರೆ ಮೂರ್ನಾಲ್ಕು ವರ್ಷದ್ದು ಕೆಲವೇ ಸೆಕೆಂಡಿನಲ್ಲಿ ಬಂದಂತೆ. ಹಾಗಾಗಿ ಬೇರೆ ಕಾರಣಕ್ಕೆ ಆಗಲೇ ತೆಗೆದಿಟ್ಟಿರುವ ಸ್ಕ್ಯಾನ್‌ಗಳನ್ನೇ ಬಳಸಿಕೊಳ್ಳಿ.

ಇಲ್ಲೇ ಒಂದು ತೊಡಕು ಇದೆ. ಆಸ್ಪತ್ರೆಗೆ ಬಂದವರಲ್ಲಿ 'ನಾರ್ಮಲ್' ಯಾರು? ಹೊಟ್ಟೆ ನೋವಿಗೆ ಬಂದವರು, ಕ್ಯಾನ್ಸರ್ ಅನುಮಾನದಿಂದ ಬಂದವರು, ಬೈಕ್‌ನಿಂದ ಬಿದ್ದವರು. ನನ್ನ ಅನುಭವದಲ್ಲಿ ನಾಳದ ಅಳತೆಗೆ ಅತ್ಯಂತ ಒಳ್ಳೆಯ ಗುಂಪು ಕಿಡ್ನಿ ದಾನಿಗಳದ್ದು. ಆಪರೇಷನ್‌ಗೆ ಮುಂಚೆ ಅವರಿಗೆ ಸಿ.ಟಿ. ಆ್ಯಂಜಿಯೋ, ಅಂದರೆ ಔಷಧಿ ಕೊಟ್ಟು ನಾಳ ನೋಡುವ ಸ್ಕ್ಯಾನ್, ಆಗಿಯೇ ಆಗುತ್ತದೆ. ಉಳಿದ ಪರೀಕ್ಷೆಗಳೆಲ್ಲ ಪಾಸಾದ ಆರೋಗ್ಯವಂತರು ಅವರು. ಕೊಬ್ಬು ಮಾತ್ರ ಸಾಕು ಅಂದರೆ ಕಿಡ್ನಿ ಕಲ್ಲಿಗೆ ತೆಗೆದ ಪ್ಲೇನ್ ಸಿ.ಟಿ. ಧಾರಾಳವಾಯಿತು. ಅದಕ್ಕೆ ಔಷಧಿ ಕೊಟ್ಟಿರುವುದಿಲ್ಲ, ಅದು ಬೇಕಾಗಿಯೂ ಇಲ್ಲ.

ಪ್ರಾಜೆಕ್ಟ್ ಆದರೆ ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು, ಮೌಸ್ ಆಮೇಲೆ. ಹಳೇ ಸ್ಕ್ಯಾನ್ ತಾನೇ ಅಂತ ತಳ್ಳಿಹಾಕಬೇಡಿ. ಸ್ಕ್ಯಾನ್ ಚಿತ್ರ ಇರುವ ಡೈಕಾಮ್ ಫೈಲ್ ಒಳಗೆ ಹೆಸರು, ವಯಸ್ಸು, ನೋಂದಣಿ ಸಂಖ್ಯೆ ಎಲ್ಲ ಕೂತಿರುತ್ತದೆ. ಫೈಲ್‌ನ ಹೆಸರು ಬದಲಿಸಿದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಅನಾನಿಮೈಸ್ ಮಾಡಿಯೇ, ಅಂದರೆ ಆ ಗುರುತುಗಳನ್ನೆಲ್ಲ ತೆಗೆದೇ, ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಸಿ.ಡಿ. ತೆರೆಯುವುದು

ಸ್ಕ್ಯಾನ್ ತೆರೆದು ಅಳೆಯಲು ತ್ರೀಡಿ ಸ್ಲೈಸರ್ ಎಂಬ ಸಾಫ್ಟ್‌ವೇರ್ ಇದೆ, ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದು ಸಂಶೋಧನೆಗೆ ಮಾಡಿದ್ದು, ಚಿಕಿತ್ಸೆಗಲ್ಲ. ಮ್ಯಾಕ್ ಇದ್ದವರು ಹೋರೋಸ್ ಕೂಡ ಬಳಸುತ್ತಾರೆ. ಸಿ.ಡಿ.ಯಲ್ಲಿ ಒಂದೇ ಸ್ಕ್ಯಾನ್‌ನ ನಾಲ್ಕೈದು ಸೀರೀಸ್, ಅಂದರೆ ಚಿತ್ರಗಳ ಕಟ್ಟು, ಇರುತ್ತವೆ. ನಾಳಕ್ಕೆ 1 ಮಿ.ಮೀ. ಅಥವಾ ಇನ್ನೂ ತೆಳ್ಳಗಿನ ಪದರದ ಆರ್ಟೀರಿಯಲ್ ಫೇಸ್ (ಔಷಧಿ ಅಪಧಮನಿಗಳಲ್ಲಿ ಇರುವಾಗ ತೆಗೆದದ್ದು) ತೆಗೆದುಕೊಳ್ಳಿ. ಕೊಬ್ಬಿಗೆ 5 ಮಿ.ಮೀ. ದಪ್ಪದ ಸ್ಲೈಸ್ (ಪದರ) ವಾಸಿ. ತೆಳ್ಳಗಿನದರಲ್ಲಿ ಚಿತ್ರ ಕಾಳು ಕಾಳಾಗಿ ಕಾಣುವುದು ಜಾಸ್ತಿ. ಕೊಬ್ಬಿನ ನಡುವೆ ಮಾಂಸದ ಚುಕ್ಕೆ, ಮಾಂಸದ ನಡುವೆ ಕೊಬ್ಬಿನ ಚುಕ್ಕೆ ಬಂದು ಲೆಕ್ಕ ಕೆಡುತ್ತದೆ.

ಪ್ಲೇನ್ ಸೀರೀಸ್ ಇದ್ದರೆ ಕೊಬ್ಬನ್ನು ಅದರಲ್ಲೇ ಅಳೆಯಿರಿ. ಇಲ್ಲದಿದ್ದರೆ ಎಲ್ಲರಿಗೂ ಒಂದೇ ಫೇಸ್ ಇಟ್ಟುಕೊಳ್ಳಿ. ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್ (ಕೆ.ವಿ.) ಎಷ್ಟಿತ್ತು ಅಂತಲೂ ಬರೆದಿಡಿ. ಕೆ.ವಿ. ಇಳಿಸಿದರೆ ಅಯೋಡಿನ್ ಇನ್ನೂ ಬೆಳ್ಳಗಾಗುತ್ತದೆ, ಕೊಬ್ಬು ಇನ್ನೂ ಕಪ್ಪಾಗುತ್ತದೆ.

ಬಿಳಿ ಕಪ್ಪಿನ ಹಿಂದಿನ ಅಂಕಿ

ಸಿ.ಟಿ. ಚಿತ್ರ ನಿಜವಾಗಿ ಫೋಟೋ ಅಲ್ಲ, ಅಂಕಿಗಳ ಕೋಷ್ಟಕ. ಒಂದೊಂದು ಚುಕ್ಕೆಗೂ ಒಂದು ಹೌನ್ಸ್‌ಫೀಲ್ಡ್ ಸಂಖ್ಯೆ. ಈ ಮೆಷಿನ್ ಕಂಡುಹಿಡಿದ ಇಂಗ್ಲೆಂಡಿನ ಇಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರದು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಬಂತು.

ನೀರು ಅಂದರೆ 0. ಗಾಳಿ ಅಂದರೆ ಮೈನಸ್ 1000. ಕೊಬ್ಬು ಮೈನಸ್ 100ರ ಆಸುಪಾಸು. ಯಾಕೆ ಮೈನಸ್? ಬಿಸಿ ಸಾರಿಗೆ ತುಪ್ಪ ಹಾಕಿದರೆ ಮೇಲೆ ತೇಲುತ್ತದಲ್ವಾ, ಅದೇ ಕಾರಣ. ನೀರಿಗಿಂತ ಹಗುರ, ಎಕ್ಸ್‌ರೇಯನ್ನು ಅಷ್ಟಾಗಿ ತಡೆಯುವುದಿಲ್ಲ. ಔಷಧಿ ಇಲ್ಲದ ರಕ್ತ ಸುಮಾರು 40, ಅಕ್ಕಪಕ್ಕದ ಮಾಂಸವೂ ಹೆಚ್ಚು ಕಡಿಮೆ ಅಷ್ಟೇ. ಅದಕ್ಕೇ ಅಯೋಡಿನ್ ಕೊಟ್ಟು ನಾಳವನ್ನು 300ರ ಹತ್ತಿರಕ್ಕೆ ಎತ್ತುವುದು.

ತೀರಾ ಸಣಕಲು ಮನುಷ್ಯನ ಸ್ಕ್ಯಾನ್ ನೋಡಿದ್ದೀರಾ? ಕರುಳು, ನಾಳ, ಮಾಂಸ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಯಾವುದು ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯುವುದೇ ಕಷ್ಟ. ಕೊಂಚ ಕೊಬ್ಬು ಇದ್ದವರಲ್ಲಿ ಪ್ರತಿ ನಾಳದ ಸುತ್ತ ಕಪ್ಪು ಅಂಚು ಇರುತ್ತದೆ, ರಂಗೋಲಿಯ ಗೆರೆಯಂತೆ ಬಿಡಿಸಿ ತೋರಿಸುತ್ತದೆ. ಡಾಕ್ಟರು ಬೈಯುವ ಬೊಜ್ಜು ನಮ್ಮ ರೂಮಿನಲ್ಲಿ ಉಪಕಾರಿ! ಅದಕ್ಕೇ ಈ ಎರಡು ಅಳತೆಯನ್ನು ಜೊತೆಯಲ್ಲಿ ಮಾಡಿ ಅನ್ನುವುದು.

ಮೂಳೆ ಎಣಿಸಿ

ನಾಳ ಎಲ್ಲಿ ಹುಟ್ಟಿತು, ಕೊಬ್ಬು ಎಲ್ಲಿ ಅಳೆದಿರಿ, ಎರಡಕ್ಕೂ ವಿಳಾಸ ಬೆನ್ನುಮೂಳೆಯ ನಂಬರ್. ಎದೆಯ ಭಾಗದ ಮೂಳೆಗಳಿಗೆ ಟಿ, ಸೊಂಟದ ಭಾಗದವಕ್ಕೆ ಎಲ್. ಕೊನೆಯ ಪಕ್ಕೆಲುಬು ಅಂಟಿರುವುದು ಟಿ-12. ಅದರ ಕೆಳಗೆ ಎಲ್-1ರಿಂದ ಎಲ್-5. ಆಮೇಲೆ ಸೇಕ್ರಮ್, ಬೆನ್ನುಮೂಳೆಯ ಬುಡದಲ್ಲಿ ಬೆಸೆದುಕೊಂಡಿರುವ ಮೂಳೆ.

ಸುಲಭ ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಮ್ಮೆ ಒಬ್ಬ ಹುಡುಗಿಯ ಪ್ರಾಜೆಕ್ಟ್‌ಗೆ ಕೆಳಗಿನಿಂದ ಮೇಲಕ್ಕೆ ಎಣಿಸಿ ಹತ್ತಾರು ಸ್ಕ್ಯಾನ್ ಗುರುತು ಹಾಕಿ ಕೊಟ್ಟೆ. ಒಬ್ಬ ರೋಗಿಯಲ್ಲಿ ಅಯೋರ್ಟಾ, ಅಂದರೆ ಹೃದಯದಿಂದ ಹೊರಡುವ ದೊಡ್ಡ ನಾಳ, ಎಲ್-4ರ ಬದಲು ಎಲ್-5ರಲ್ಲಿ ಕವಲೊಡೆದಂತೆ ಬಂತು. ಅಪರೂಪದ ಕೇಸ್ ಅಂತ ಇಬ್ಬರೂ ಖುಷಿಪಟ್ಟೆವು. ಗೈಡ್ ನೋಡಿ ಮೇಲಿನಿಂದ ಎಣಿಸಿದರು. ಅವನ ಸೊಂಟದಲ್ಲಿ ಒಂದು ಮೂಳೆ ಸೇಕ್ರಮ್‌ಗೆ ಅರ್ಧ ಬೆಸೆದುಕೊಂಡಿತ್ತು. ಅದನ್ನು ನಾನು ಎಣಿಸದೆ ಬಿಟ್ಟಿದ್ದೆ! ಅಪರೂಪದ್ದು ನಾಳವಲ್ಲ, ಮೂಳೆ. ಈಗ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಎಣಿಸುತ್ತೇನೆ. ಎರಡೂ ತಾಳೆಯಾಗದಿದ್ದರೆ ಆ ಕೇಸ್ ಪಕ್ಕಕ್ಕೆ.

ನಾಳದ ದಾರಿ ಹಿಡಿದು ಇಳಿಯುವುದು

ಅಯೋರ್ಟಾ ನಮ್ಮ ಮೈಯ ಹೆದ್ದಾರಿ. ಟಿ-12ರ ಹತ್ತಿರ ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ದಾಟಿ ಹೊಟ್ಟೆಗೆ ಇಳಿಯುತ್ತದೆ. ಎಲ್-4ರ ಹತ್ತಿರ, ಹೆಚ್ಚು ಕಡಿಮೆ ಹೊಕ್ಕಳಿನ ಮಟ್ಟದಲ್ಲಿ, ಎರಡು ಕಾಲಿನ ಕಡೆಗೆ ಕವಲೊಡೆಯುತ್ತದೆ. ನಡುವೆ ಮುಂದಕ್ಕೆ ಮೂರು ತಿರುವು. ಮೊದಲನೆಯದು ಸೀಲಿಯಾಕ್, ಟಿ-12 ಮತ್ತು ಎಲ್-1ರ ನಡುವೆ. ಜಠರ, ಲಿವರ್, ಗುಲ್ಮಕ್ಕೆ ಹೋಗುವ ಮೂರು ಕವಲು ಅದರದ್ದು. ಅದಕ್ಕಿಂತ ಒಂದು ಬೆರಳು ಕೆಳಗೆ ಎಲ್-1ರಲ್ಲಿ ಎಸ್.ಎಂ.ಎ. (ಸುಪೀರಿಯರ್ ಮೆಸೆಂಟೆರಿಕ್ ಆರ್ಟರಿ), ಸಣ್ಣ ಕರುಳಿನ ದೊಡ್ಡ ನಾಳ. ಎಲ್-3ರಲ್ಲಿ ಐ.ಎಂ.ಎ. (ಇನ್‌ಫೀರಿಯರ್ ಮೆಸೆಂಟೆರಿಕ್ ಆರ್ಟರಿ), ದೊಡ್ಡ ಕರುಳಿನ ಕೊನೆಯ ಭಾಗದ ನಾಳ, ತೆಳ್ಳಗೆ, ಎಡಕ್ಕೆ ವಾಲಿಕೊಂಡು. ಕಿಡ್ನಿಯ ನಾಳಗಳು ಎಲ್-1, ಎಲ್-2ರ ಮಟ್ಟದಲ್ಲಿ ಎರಡೂ ಪಕ್ಕಕ್ಕೆ.

ಪುಸ್ತಕದ ಚಿತ್ರದಂತೆಯೇ ಎಲ್ಲರಲ್ಲೂ ಇರಬೇಕು ಅಂತ ಹೊರಡಬೇಡಿ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಿಡ್ನಿಗೆ ಒಂದು ಹೆಚ್ಚುವರಿ ನಾಳ ಇರುತ್ತದೆ. ದಾನಿಯಲ್ಲಿ ಅದನ್ನು ನೋಡದೆ ಬಿಟ್ಟರೆ ಸರ್ಜನ್‌ಗೆ ಆಪರೇಷನ್ ಟೇಬಲ್ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಎಲ್-3, ಎಲ್-4ವರೆಗೂ ಇಳಿದು, ಕಾಲಿನ ಕಡೆ ಹೋಗುವ ಇಲಿಯಾಕ್ ನಾಳದಿಂದಲೂ ಏನಾದರೂ ಕಿಡ್ನಿ ಕಡೆ ಹತ್ತುತ್ತಿದೆಯಾ ನೋಡಿ. ಲಿವರ್‌ನ ನಾಳವಂತೂ ಇನ್ನೂ ಮನಬಂದಂತೆ. 1966ರಲ್ಲಿ ಮಿಚೆಲ್ಸ್ ಎಂಬ ಅಂಗರಚನಾ ತಜ್ಞರು 200 ಶವಗಳನ್ನು ಬಿಡಿಸಿ ನೋಡಿ ಹತ್ತು ಬಗೆ ಪಟ್ಟಿ ಮಾಡಿದರು. 'ಪುಸ್ತಕದ' ಮಾದರಿ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಲ್ಲಿ, ಅಷ್ಟೇ. ಲಿವರ್‌ನ ಬಲಗಡೆಯ ನಾಳ ಎಸ್.ಎಂ.ಎ.ಯಿಂದ ಹುಟ್ಟಿ, ಪೋರ್ಟಲ್ ವೇಯ್ನ್ (ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ಅಭಿಧಮನಿ) ಹಿಂದಿನಿಂದ ಹಾದು ಬರುವುದನ್ನು ನೀವೂ ಬೇಗನೇ ಕಾಣುತ್ತೀರಿ.

ಈಗ ಅಗಲ. ಸೌತೆಕಾಯಿಯನ್ನು ನೇರ ಹೆಚ್ಚಿದರೆ ದುಂಡು ಬಿಲ್ಲೆ. ಓರೆಯಾಗಿ ಹೆಚ್ಚಿದರೆ ಉದ್ದನೆ ಬಿಲ್ಲೆ. ಕಾಯಿ ಒಂದೇ! ನಾಳವೂ ಹಾಗೇ. 6 ಮಿ.ಮೀ. ನಾಳವನ್ನು 45 ಡಿಗ್ರಿ ಓರೆಯಲ್ಲಿ ಕತ್ತರಿಸಿದರೆ ಉದ್ದನೆಯ ಬದಿ 8.5 ಮಿ.ಮೀ. ಬರುತ್ತದೆ. ಹೊಸಬರು ಆ್ಯಕ್ಸಿಯಲ್ (ಮೈಯನ್ನು ಅಡ್ಡಕ್ಕೆ ಕತ್ತರಿಸಿದಂತೆ ಕಾಣುವ) ಚಿತ್ರದ ಮೇಲೇ ಗೆರೆ ಎಳೆದು ಬಿಡುತ್ತಾರೆ. ಹಾಗೆ ಮಾಡಬೇಡಿ. ಅದೇ ಸ್ಕ್ಯಾನನ್ನು ಬೇಕಾದ ಓರೆಯಲ್ಲಿ ತೋರಿಸುವ ಎಂ.ಪಿ.ಆರ್. ತೆರೆದು, ಎರಡು ಕಿಟಕಿಗಳಲ್ಲಿ ಗೆರೆಯನ್ನು ನಾಳದ ಉದ್ದಕ್ಕೆ ಕೂರಿಸಿ. ಮೂರನೇ ಕಿಟಕಿಯಲ್ಲಿ ನಾಳ ದುಂಡಗೆ ಕಾಣುತ್ತದೆ. ಅಳೆಯುವುದು ಅಲ್ಲಿ. ಹುಟ್ಟುವ ಬಾಯಿಯ ಹತ್ತಿರ ನಾಳ ಆಲಿಕೆಯಂತೆ ಅಗಲವಾಗಿರುತ್ತದೆ. ಹಾಗಾಗಿ ಹುಟ್ಟಿದ ಜಾಗದಿಂದ 1 ಸೆಂ.ಮೀ. ಬಿಟ್ಟು ಅಂತ ಏನಾದರೂ ಒಂದು ನಿಯಮ ಮಾಡಿಕೊಂಡು ಎಲ್ಲರಿಗೂ ಅದನ್ನೇ ಪಾಲಿಸಿ. ಗೋಡೆಯ ಹೊರಗಿನಿಂದ ಹೊರಗೋ, ಒಳಗಿನಿಂದ ಒಳಗೋ, ಅದನ್ನೂ ಮೊದಲೇ ಬರೆದಿಡಿ.

ಎಷ್ಟು ಬರಬೇಕು? ಅಯೋರ್ಟಾ ದೊಡ್ಡವರಲ್ಲಿ ಸುಮಾರು 2 ಸೆಂ.ಮೀ., ಮೇಲೆ ಕೊಂಚ ಅಗಲ, ಕೆಳಗೆ ಕೊಂಚ ಸಣ್ಣ. ಹೆಂಗಸರಲ್ಲಿ ಇನ್ನೂ ಸ್ವಲ್ಪ ಕಡಿಮೆ. 3 ಸೆಂ.ಮೀ. ಮುಟ್ಟಿದರೆ ಅದನ್ನು ಆ್ಯನ್ಯುರಿಸಮ್ (ನಾಳದ ಉಬ್ಬು) ಅನ್ನುತ್ತಾರೆ. ಅದು ಪ್ರಾಜೆಕ್ಟ್ ಅಲ್ಲ, ತಕ್ಷಣ ಡಾಕ್ಟರ್‌ಗೆ ತೋರಿಸುವ ವಿಷಯ. ಸೀಲಿಯಾಕ್, ಎಸ್.ಎಂ.ಎ. 6ರಿಂದ 8 ಮಿ.ಮೀ. ಕಿಡ್ನಿಯದು 5, 6.

ಸಾಫ್ಟ್‌ವೇರ್ 5.63 ಮಿ.ಮೀ. ಅಂತ ತೋರಿಸುತ್ತದೆ. ನಂಬಬೇಡಿ. ಚಿತ್ರದ ಅಗಲ 360 ಮಿ.ಮೀ. ಇದ್ದು ಅದರಲ್ಲಿ 512 ಚುಕ್ಕೆ ಇದ್ದರೆ ಒಂದು ಚುಕ್ಕೆ 0.7 ಮಿ.ಮೀ. ಆಗ ಕಿಡ್ನಿ ನಾಳ ಅಂದರೆ ಎಂಟೇ ಚುಕ್ಕೆ. ಕೈ ಒಂದು ಚುಕ್ಕೆ ಆಚೆ ಸರಿದರೆ ಅಳತೆಯಲ್ಲಿ ಎಂಟರಲ್ಲಿ ಒಂದು ಪಾಲು ತಪ್ಪು. ಎರಡನೇ ದಶಮಾಂಶ ಬರೆದವರ ಪ್ರಾಜೆಕ್ಟ್ ನೋಡಿದರೆ ನನಗೆ ನಗು ಬರುತ್ತದೆ. ಅಕ್ಕಿ ಅಳೆಯುವ ಸೇರಿನಲ್ಲಿ ಬಂಗಾರ ತೂಗಿದ ಹಾಗೆ.

ಇನ್ನು ಆ ಉಸಿರಿನ ವಿಷಯ. ಸೀಲಿಯಾಕ್ ನಾಳದ ಬುಡದ ಮೇಲೆ ವಪೆಯ ಒಂದು ನಾರಿನ ಪಟ್ಟಿ ಹಾದುಹೋಗುತ್ತದೆ. ಉಸಿರು ಬಿಟ್ಟಾಗ ಅದು ಕೆಲವರಲ್ಲಿ ನಾಳವನ್ನು ಒತ್ತುತ್ತದೆ. ಉಸಿರು ಎಳೆದಾಗ ಸಡಿಲವಾಗುತ್ತದೆ. ಅರ್ಧ ಜನ ಎಳೆದು, ಅರ್ಧ ಜನ ಬಿಟ್ಟು ತೆಗೆದ ಸ್ಕ್ಯಾನ್‌ಗಳನ್ನು ಕಲಸಿ 'ನಾರ್ಮಲ್ ಸೀಲಿಯಾಕ್' ಅಂತ ಸರಾಸರಿ ಹಾಕಿದರೆ ಅದರಲ್ಲಿ ಏನೂ ಹುರುಳಿಲ್ಲ.

ನಾಳ ಮತ್ತು ಕೊಬ್ಬು ಸೇರುವ ಮೂಲೆ

ಪಕ್ಕದಿಂದ ನೋಡುವ ಸ್ಯಾಜಿಟಲ್ ಚಿತ್ರ ತೆರೆಯಿರಿ. ಎಸ್.ಎಂ.ಎ. ಅಯೋರ್ಟಾದಿಂದ ಹೊರಟು ಚೂಪಾದ ಕೋನ ಮಾಡಿ ಕೆಳಗಿಳಿಯುತ್ತದೆ, ಮರದ ಕವಲಿನಂತೆ. ಆ ಕವಲಿನ ಸಂದಿನಲ್ಲಿ ಡ್ಯುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಮತ್ತು ಎಡ ಕಿಡ್ನಿಯ ವೇಯ್ನ್ ನುಸುಳಿಕೊಂಡು ಹೋಗುತ್ತವೆ. ಸಂದನ್ನು ತೆರೆದು ಹಿಡಿಯುವುದು ಏನು ಗೊತ್ತಾ? ಒಂದು ಹಿಡಿ ಕೊಬ್ಬು. ದಿಂಬಿನ ಹಾಗೆ ಕೂತಿರುತ್ತದೆ.

ಕೋನ ಸಾಮಾನ್ಯವಾಗಿ 38ರಿಂದ 65 ಡಿಗ್ರಿ. ಡ್ಯುಯೋಡಿನಮ್ ಹಾದುಹೋಗುವ ಮಟ್ಟದಲ್ಲಿ ಎರಡು ನಾಳದ ನಡುವಿನ ದೂರ 10ರಿಂದ 28 ಮಿ.ಮೀ. ಜ್ವರವೋ ಕಾಯಿಲೆಯೋ ಬಂದು ಮನುಷ್ಯ ಬೇಗ ಬೇಗ ತೂಕ ಕಳೆದುಕೊಂಡರೆ ಈ ದಿಂಬೂ ಕರಗುತ್ತದೆ. ಕೋನ 25ಕ್ಕಿಂತ ಕೆಳಗೆ, ದೂರ 8 ಮಿ.ಮೀ.ಗಿಂತ ಕೆಳಗೆ ಇಳಿದು, ಉಂಡ ಅನ್ನ ಮುಂದೆ ಹೋಗದೆ ವಾಂತಿ ಆಗುವುದುಂಟು. ಬರೀ ಕೋನ ನೋಡಿ ಕಾಯಿಲೆ ಅನ್ನಲು ಬರುವುದಿಲ್ಲ. ತೆಳ್ಳಗಿರುವ ಎಷ್ಟೋ ಜನ ಕಿರಿದಾದ ಕೋನ ಇಟ್ಟುಕೊಂಡೇ ಹೊಟ್ಟೆ ತುಂಬಾ ಊಟ ಮಾಡುತ್ತಾರೆ.

ಕೊಬ್ಬು ಎಣಿಸುವುದು

ಎಲ್ಲರೂ ಒಂದೇ ಮಟ್ಟ ಬಳಸುವುದಿಲ್ಲ. ಕೆಲವರು ಹೊಕ್ಕಳಿನಲ್ಲಿ, ಕೆಲವರು ಎಲ್-3ರಲ್ಲಿ ಅಳೆಯುತ್ತಾರೆ. ನನಗೆ ಎಲ್-3 ಇಷ್ಟ. ಹೊಕ್ಕಳು ಬೊಜ್ಜಿನ ಜೊತೆ ಕೆಳಗೆ ಜಾರುತ್ತದೆ, ಮೂಳೆ ಜಾರುವುದಿಲ್ಲ. ಎಲ್-3ರ ಎರಡೂ ಬದಿಯ ರೆಕ್ಕೆಗಳು ಪೂರ್ತಿ ಕಾಣುವ ಸ್ಲೈಸ್ ಹಿಡಿಯಿರಿ.

ಮೊದಲು ಚರ್ಮ ನೋಡಿ. ಸುತ್ತಲೂ ಪೂರ್ತಿ ಕಾಣುತ್ತಿದೆಯಾ? ಆ್ಯಂಜಿಯೋದಲ್ಲಿ ನಾಳ ಚೆನ್ನಾಗಿ ಕಾಣಲಿ ಅಂತ ಚಿತ್ರವನ್ನು ಕಿರಿದು ಮಾಡಿರುತ್ತೇವೆ. ದಪ್ಪ ಇರುವವರ ಎರಡೂ ಪಕ್ಕೆ ಚೌಕಟ್ಟಿನಿಂದ ಹೊರಗೆ ಉಳಿಯುತ್ತದೆ. ಅಂಥ ಚಿತ್ರದಲ್ಲಿ ಅಳೆದರೆ ದಪ್ಪಗಿನವರು ತೆಳ್ಳಗಾಗುತ್ತಾರೆ!

ಸ್ಲೈಸರ್‌ನ ಸೆಗ್ಮೆಂಟ್ ಎಡಿಟರ್‌ನಲ್ಲಿ ಥ್ರೆಶೋಲ್ಡ್, ಅಂದರೆ ಆರಿಸಬೇಕಾದ ಅಂಕಿಗಳ ಮಿತಿ, ಮೈನಸ್ 190ರಿಂದ ಮೈನಸ್ 30 ಹಾಕಿ. ಕೊಬ್ಬೆಲ್ಲ ಬಣ್ಣ ತುಂಬಿಕೊಳ್ಳುತ್ತದೆ. ಈಗ ಅದನ್ನು ಎರಡಾಗಿ ಬೇರ್ಪಡಿಸಬೇಕು. ಹೊಟ್ಟೆಯ ಸ್ನಾಯುಗಳ ಒಳ ಅಂಚು ಹಿಡಿದು ಒಂದು ಗೆರೆ ಎಳೆಯಿರಿ. ಗೆರೆಯ ಒಳಗಿನದು ವಿಸರಲ್ ಕೊಬ್ಬು, ಕರುಳು, ಕಿಡ್ನಿಗಳ ಸುತ್ತ ಇರುವುದು. ಸ್ನಾಯುವಿನ ಹೊರಗೆ, ಚರ್ಮದ ಅಡಿಯಲ್ಲಿರುವುದು ಕೈಯಲ್ಲಿ ಹಿಂಡಿದರೆ ಸಿಗುವ ಕೊಬ್ಬು. ಸ್ನಾಯುವಿನ ಎಳೆಗಳ ನಡುವೆ ಸಿಕ್ಕಿಕೊಂಡದ್ದು ಎರಡಕ್ಕೂ ಸೇರುವುದಿಲ್ಲ, ಬಿಡಿ.

ಕರುಳಿನ ಒಳಗೆ ನೋಡಲು ಮರೆಯಬೇಡಿ. ಮಲದಲ್ಲಿ ಗಾಳಿ ಬೆರೆತಿರುತ್ತದೆ. ಗಾಳಿಯ ಮೈನಸ್ 1000, ಮಲದ ಪ್ಲಸ್ ಎರಡೂ ಸೇರಿ ಸರಿಯಾಗಿ ಕೊಬ್ಬಿನ ಅಂಕಿಯೇ ಬರುತ್ತದೆ. ಕಂಪ್ಯೂಟರ್‌ಗೆ ಅದೂ ಕೊಬ್ಬೇ. ಇರೇಸರ್ ಹಿಡಿದು ಅಳಿಸಿ. ಎಷ್ಟು ವ್ಯತ್ಯಾಸ ಬಿದ್ದೀತು? ಲೆಕ್ಕ ಹಾಕಿ ನೋಡಿ. ಒಂದು ಚುಕ್ಕೆಯ ಬದಿ 0.7 ಮಿ.ಮೀ. ಆದರೆ ವಿಸ್ತೀರ್ಣ 0.49 ಚದರ ಮಿ.ಮೀ. ಗೆರೆಯ ಒಳಗೆ 20,000 ಚುಕ್ಕೆ ಸಿಕ್ಕಿದರೆ 98 ಚದರ ಸೆಂ.ಮೀ. ದೊಡ್ಡ ಕರುಳಿನ 600 ಚುಕ್ಕೆ ಅಳಿಸಲು ಮರೆತಿರಿ ಅಂದುಕೊಳ್ಳಿ, ಆಗ 101. ಜಪಾನಿನ ವೈದ್ಯರು ವಿಸರಲ್ ಕೊಬ್ಬು ಹೆಚ್ಚಾಯಿತು ಅನ್ನಲು ಹಾಕಿಕೊಂಡ ಗೆರೆ, ಹೊಕ್ಕಳಿನ ಮಟ್ಟದಲ್ಲಿ, 100. ಅವರದು ಹೊಕ್ಕಳು, ನಿಮ್ಮದು ಎಲ್-3 ಆದರೆ ಆ 100ನ್ನು ಹಾಗೇ ಎತ್ತಿ ಬಳಸಲೂ ಬಾರದು.

ಅಂಕಿ ಬಂತು, ಮುಂದೆ?

ಇದು ಪುಣೆಯ ಮಾತೇ ಆದ್ದರಿಂದ ಹೇಳುತ್ತೇನೆ. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಅಚ್ಚು ಹಾಕಿಸಿದರು. ಇಬ್ಬರ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ಅವರು ಅಳೆದದ್ದು ಸಿ.ಟಿ.ಯಲ್ಲಲ್ಲ, ಡೆಕ್ಸಾ ಎಂಬ ಬೇರೆ ಎಕ್ಸ್‌ರೇ ಸ್ಕ್ಯಾನಿನಲ್ಲಿ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಸರಾಸರಿ 2.7 ಕೆ.ಜಿ. ತೂಕದಲ್ಲಿ ಹುಟ್ಟಿದ ಮಕ್ಕಳಲ್ಲೂ ಅವರ ತಂಡ ಇದನ್ನೇ ಕಂಡಿತು. ಇಂಗ್ಲೆಂಡಿನ ಸೌತಾಂಪ್ಟನ್ನಿನ 3.5 ಕೆ.ಜಿ. ಮಕ್ಕಳ ಪಕ್ಕದಲ್ಲಿಟ್ಟರೆ ಇವು ಸಣ್ಣವು, ಆದರೆ ಕೊಬ್ಬು ಅದೇ ಪ್ರಮಾಣದಲ್ಲಿ ಕಡಿಮೆ ಇರಲಿಲ್ಲ.

ಹಾಗಾಗಿ ನೋಡಲು ಕಡ್ಡಿಯಂತಿರುವವರ ಸ್ಲೈಸ್‌ನಲ್ಲಿ ಗೆರೆಯ ಒಳಗೆ ಬಣ್ಣ ತುಂಬಿಕೊಂಡರೆ ಸಾಫ್ಟ್‌ವೇರ್ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಜನರಲ್ಲಿ ಅದು ತುಂಬಾ ಸಾಮಾನ್ಯ. ಸಿ.ಡಿ. ಇಲ್ಲದ ಮನೆಯವರಿಗೆ ಟೈಲರ್ ಟೇಪ್ ಸಾಕು. ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80, ಭಾರತೀಯರಿಗೆ ಹಾಕಿರುವ ಗೆರೆ ಅದು.

ಮತ್ತೊಮ್ಮೆ ಅಳೆಯಿರಿ

ಎಲ್ಲ ಮುಗಿದ ಮೇಲೆ 20 ಕೇಸ್ ಆರಿಸಿ, ಹಳೇ ಎಕ್ಸೆಲ್ ಶೀಟ್ ಮುಚ್ಚಿಟ್ಟು, ಎರಡು ವಾರ ಬಿಟ್ಟು ಪುನಃ ಅಳೆಯಿರಿ. ಆಮೇಲೆ ಗೆಳೆಯರೊಬ್ಬರ ಕೈಯಲ್ಲೂ ಅಳೆಸಿ. ಎರಡು ಸಲದ ಅಂಕಿಗಳ ವ್ಯತ್ಯಾಸ ಕಾಣುವಂತೆ ಅವನ್ನು ಬ್ಲ್ಯಾಂಡ್ ಆಲ್ಟ್‌ಮನ್ ನಕ್ಷೆಯಲ್ಲಿ ಹಾಕಿ. ಬರೀ ಕೋರಿಲೇಷನ್ (ಎರಡೂ ಜೊತೆಯಾಗಿ ಏರಿಳಿಯುತ್ತವೆಯಾ ಅನ್ನುವ ಅಳತೆ) ತೋರಿಸಿದರೆ ಸಾಲದು. ಪ್ರತಿ ಸಲ 1 ಮಿ.ಮೀ. ಜಾಸ್ತಿ ಅಳೆದರೂ ಕೋರಿಲೇಷನ್ ಚೆನ್ನಾಗಿಯೇ ಬರುತ್ತದೆ.

ನನಗೆ ಮೊದಲ ಸಲ ಕಿಡ್ನಿ ನಾಳದಲ್ಲಿ ಹೀಗೇ ಆಗಿತ್ತು. ಎರಡನೇ ಸಲದ ಅಳತೆ ಎಲ್ಲವೂ ದಪ್ಪ. ಕೈ ನಡುಗಿತಾ ಅಂದುಕೊಂಡೆ. ಕೊನೆಗೆ ನೋಡಿದರೆ ಮೊದಲ ಸಲ ವಿಂಡೋ (ಯಾವ ಅಂಕಿಯಿಂದ ಯಾವ ಅಂಕಿಯವರೆಗೆ ಕಪ್ಪು ಬಿಳಿ ಹಂಚಬೇಕು ಅನ್ನುವ ಸೆಟ್ಟಿಂಗ್) ಅಗಲ ಇಟ್ಟು, ಎರಡನೇ ಸಲ ಹೊಟ್ಟೆಯ ಮಾಮೂಲಿ ಕಿರಿದಾದ ವಿಂಡೋದಲ್ಲೇ ಅಳೆದಿದ್ದೆ. ಕಿರಿದಾದದ್ದರಲ್ಲಿ ಅಯೋಡಿನ್‌ನ ಬಿಳಿ ಅಂಚು ದಾಟಿ ಊದಿಕೊಳ್ಳುತ್ತದೆ. ಈಗ ನನ್ನ ಶೀಟ್‌ನಲ್ಲಿ ಉಸಿರಿಗೆ ಒಂದು ಕಾಲಂ, ವಿಂಡೋಗೆ ಒಂದು ಕಾಲಂ ಇದೆ. ನಾಳಕ್ಕೆ ಅಗಲ 600, ನಡು 200 ಅಂತ ಮಾನಿಟರ್ ಪಕ್ಕದಲ್ಲಿ ಚೀಟಿ ಅಂಟಿಸಿಕೊಂಡಿದ್ದೇನೆ.